'ಬೋರ್ಡ್ ಹೋಗಿದೆ' ಅಂದ ಕಂಪ್ಯೂಟರನ್ನು ನಾನು ಎಬ್ಬಿಸಿದ್ದು ಹೀಗೆ

ನಮ್ಮ ಮನೆಯ ಕಂಪ್ಯೂಟರ್ 2006ರದ್ದು. ಪೆಂಟಿಯಂ 4, ವಿಂಡೋಸ್ ಎಕ್ಸ್‌ಪಿ, 80 ಜಿಬಿ ಹಾರ್ಡ್‌ಡಿಸ್ಕ್. ಪೇಟೆಯ ರಿಪೇರಿ ಅಂಗಡಿಯವರು ಒಂದು ವಾರ ಇಟ್ಟುಕೊಂಡು 'ಬೋರ್ಡ್ ಹೋಗಿದೆ', ಅಂದರೆ ಮದರ್‌ಬೋರ್ಡ್ ಕೆಟ್ಟಿದೆ ಎಂದು ವಾಪಸ್ ಕೊಟ್ಟರು. ಸೆಕೆಂಡ್ ಹ್ಯಾಂಡ್ ಬೋರ್ಡ್ ಹಾಕಿದರೆ ಎರಡೂವರೆ ಸಾವಿರ, ಗ್ಯಾರಂಟಿ ಇಲ್ಲ ಅಂದರು. ಭಾವ 'ಗುಜರಿಗೆ ಹಾಕು ಮಾರಾಯ, ಇದನ್ನ ಇಟ್ಕೊಂಡು ಏನ್ ಮಾಡ್ತೀಯ' ಅಂದ. ಈಗ ಅದೇ ಬೋರ್ಡ್, ಅದೇ ಪ್ರೊಸೆಸರ್ ಒಂದೇ ಸಲ ಬಟನ್ ಒತ್ತಿದರೆ ಏಳುತ್ತಿದೆ. ಎರಡು ಮಳೆಗಾಲ ದಾಟಿತು. ಭಾವ ಮೊನ್ನೆ ಬಂದಾಗ ತಾನೇ ಆನ್ ಮಾಡಿ ನೋಡಿದ.

'ಹಾರ್ಡ್‌ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಆಗಿತ್ತಲ್ವಾ' ಅಂತ ಕೇಳ್ತೀರಿ. ಅದನ್ನು ಮೊದಲೇ ಮಾಡಿದ್ದೆ. ಯುಎಸ್‌ಬಿ ಅಡಾಪ್ಟರ್ ಹಾಕಿ ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಇದ್ದ ಹಾಗೇ ಒಂದು ನಕಲು, ತೆಗೆದಿಟ್ಟಿದ್ದೇನೆ. ಬೂಟ್ ಆಗದ ಕಂಪ್ಯೂಟರಿಗೆ ಕೈ ಹಾಕುವ ಮುಂಚೆ ಯಾರೇ ಆದರೂ ಮೊದಲು ಮಾಡಬೇಕಾದ ಕೆಲಸ ಅದು. ಆದರೆ ಅಪ್ಪಯ್ಯ ಜಾತಕ ಬರೆಯುವ ಸಾಫ್ಟ್‌ವೇರ್ ಡಾಂಗಲ್ (ಬೀಗದ ಕೈಯಂತೆ ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಸಾಧನ) ಇಲ್ಲದೆ ತೆರೆಯುವುದಿಲ್ಲ. ಆ ಡಾಂಗಲ್ ಕೂರುವುದು ಹಳೇ ಪ್ರಿಂಟರ್ ಪೋರ್ಟಿಗೆ. ಹೊಸ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟ್ ಎಲ್ಲಿದೆ? ಯುಎಸ್‌ಬಿಯಿಂದ ಪ್ರಿಂಟರ್ ಪೋರ್ಟಿಗೆ ಬದಲಿಸುವ ಕೇಬಲ್ ತರಿಸಿ ನೋಡಿದೆ. ನಾನೂರು ರೂಪಾಯಿ ಹೋಯಿತು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ನಡೆಯಿತು, ಡಾಂಗಲ್ ಮಾತ್ರ ಕಾಣಲಿಲ್ಲ. ಹಾಗಾಗಿ ಈ ಬೋರ್ಡೇ ಬದುಕಬೇಕಿತ್ತು.

ತೊಂದರೆ ಹೀಗಿತ್ತು. ಬಟನ್ ಒತ್ತಿದರೆ ಫ್ಯಾನ್ ಒಂದು ಸೆಕೆಂಡ್ ತಿರುಗಿ ನಿಲ್ಲುತ್ತಿತ್ತು. ಬೀಪ್ ಇಲ್ಲ, ಡಿಸ್‌ಪ್ಲೇ ಇಲ್ಲ. ರ‍್ಯಾಮ್ ತೆಗೆದು ರಬ್ಬರ್ ಉಜ್ಜಿದ್ದು, ಬೋರ್ಡಿನ ಮೇಲಿನ ನಾಣ್ಯದಂಥ ಸಿಮೋಸ್ ಬ್ಯಾಟರಿ ಬದಲಿಸಿದ್ದು, ಧೂಳು ಊದಿದ್ದು ಎಲ್ಲ ಆಯಿತು. ಬ್ಯಾಟರಿ 2 ವೋಲ್ಟಿಗೆ ಇಳಿದಿತ್ತು ನಿಜ, ಆದರೆ ರೋಗ ಅದಲ್ಲ. ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ ಎಸ್‌ಎಂಪಿಎಸ್. ಅದರ ಹಸಿರು ವೈರನ್ನು ಕಪ್ಪಿಗೆ ಸೇರಿಸಿ ನೋಡಿದರೆ 12, 5, 3.3 ವೋಲ್ಟ್ ಎಲ್ಲ ಸರಿ. ಆದರೂ ಗೆಳೆಯನ ಕಂಪ್ಯೂಟರಿನ ಎಸ್‌ಎಂಪಿಎಸ್ ತಂದು ಹಾಕಿದೆ. ಅದೇ ಕಥೆ.

ದಾರಿ ತೋರಿಸಿದ್ದು ಎರಡು ಸಂಗತಿ. ಪ್ರೊಸೆಸರಿಗೆ ಹೋಗುವ 4 ಪಿನ್ನಿನ ಕನೆಕ್ಟರ್ ಬಿಚ್ಚಿದರೆ ಫ್ಯಾನ್ ನಿಲ್ಲದೆ ತಿರುಗುತ್ತಿತ್ತು. ಅಂದರೆ ತೊಂದರೆ ಇರುವುದು ಪ್ರೊಸೆಸರಿಗೆ ಕರೆಂಟ್ ಕೊಡುವ ಜಾಗದಲ್ಲೇ. ಇನ್ನೊಂದನ್ನು ಹೇಳಿದ್ದು ಅಪ್ಪಯ್ಯ. 'ಬೆಳಿಗ್ಗೆ ಏಳೂದೇ ಇಲ್ಲ, ಮಧ್ಯಾಹ್ನ ಬಿಸಿಲು ಬಂದ ಮೇಲೆ ಹತ್ತು ಸಲ ಒತ್ತಿದ್ರೆ ಒಂದ್ಸಲ ಏಳ್ತಿತ್ತು' ಅಂದರು. ಇದು ಕೆಟ್ಟು ಪೂರ್ತಿ ನಿಲ್ಲುವ ಮುಂಚಿನ ಮಾತು. ಮಲೆನಾಡಿನ ಆಷಾಢದ ಥಂಡಿಯಲ್ಲಿ ಏಳದ್ದು ಬಿಸಿಗೆ ಏಳುತ್ತದೆ ಅಂದರೆ ಕೆಪಾಸಿಟರ್ (ವೋಲ್ಟೇಜ್ ಏರಿಳಿಯದಂತೆ ವಿದ್ಯುತ್ತನ್ನು ಹಿಡಿದಿಟ್ಟು ಕೊಡುವ ಸಣ್ಣ ಡಬ್ಬಿ) ಮೇಲೆ ಅನುಮಾನ ಬರಲೇಬೇಕು. ಒಳಗಿನ ದ್ರವ ಒಣಗಿದರೆ ಇಎಸ್‌ಆರ್, ಅಂದರೆ ಕೆಪಾಸಿಟರಿನ ಒಳಗಿನ ರೆಸಿಸ್ಟೆನ್ಸ್, ಏರುತ್ತದೆ, ಬಿಸಿ ಮಾಡಿದರೆ ಇಳಿಯುತ್ತದೆ.

ತಂಗಿಯ ಹೇರ್ ಡ್ರೈಯರ್ ತಂದೆ. ಪ್ರೊಸೆಸರ್ ಪಕ್ಕದ ಕೆಪಾಸಿಟರ್ ಸಾಲಿಗೆ ಮೂರು ನಾಲ್ಕು ನಿಮಿಷ ಬಿಸಿ ಗಾಳಿ ಹಿಡಿದು ಬಟನ್ ಒತ್ತಿದೆ. ಒಂದು ಬೀಪ್ ಕೇಳಿತು. ಎಕ್ಸ್‌ಪಿ ಬಂತು! 'ಬೋರ್ಡ್ ಹೋಗಿದೆ' ಎಂಬ ಮಾತು ಅಲ್ಲಿಗೆ ಮುಗಿಯಿತು. ಈ ಪರೀಕ್ಷೆಗೆ ಖರ್ಚು ಸೊನ್ನೆ. ಇದನ್ನು ಮಾಡದೆ ಆ ಕಾಲದ ಬೋರ್ಡನ್ನು ಯಾರೂ ಎಸೆಯಬೇಡಿ. 2000ದ ನಂತರದ ಆರೇಳು ವರ್ಷಗಳಲ್ಲಿ ಬಂದ ಎಷ್ಟೋ ಬೋರ್ಡುಗಳಲ್ಲಿ ಕೆಟ್ಟ ಎಲೆಕ್ಟ್ರೋಲೈಟಿನ (ಅದೇ ಒಳಗಿನ ದ್ರವದ) ಕೆಪಾಸಿಟರ್‌ಗಳಿದ್ದವು. ಪ್ರಪಂಚದ ತುಂಬ ಕಂಪ್ಯೂಟರುಗಳು ಇದರಿಂದಲೇ ಸತ್ತವು.

ಪ್ರೊಸೆಸರನ್ನು ತಂಪಾಗಿಡುವ ಹೀಟ್‌ಸಿಂಕ್ ತೆಗೆದು ಟಾರ್ಚ್ ಹಿಡಿದು ಓರೆಯಾಗಿ ನೋಡಿದೆ. ನಾಲ್ಕೈದು ಕೆಪಾಸಿಟರ್‌ಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಒಂದರ ತಲೆಯ ಗೀರಿನ ಸಂದಿಯಿಂದ ಕಂದು ಬಣ್ಣದ ಅಂಟು ಸೋರಿ ಒಣಗಿತ್ತು. ಉಳಿದವು ನೋಡಲು ಚೆನ್ನಾಗಿದ್ದವು. ಆದರೆ ಕಣ್ಣನ್ನು ನಂಬಬಾರದು. ಟಿವಿ ರಿಪೇರಿ ಮಾಡುವ ಗೆಳೆಯನ ಇಎಸ್‌ಆರ್ ಮೀಟರ್ ಹಿಡಿದರೆ ಚಪ್ಪಟೆ ತಲೆಯ ಎರಡು ಕೂಡ 1 ಓಮ್ ಮೇಲೆ ತೋರಿಸಿದವು. ಇರಬೇಕಾದ್ದು 0.02, 0.03 ಅಷ್ಟೇ. ಬರೀ ಮೈಕ್ರೋಫ್ಯಾರಡ್, ಅಂದರೆ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನುವುದನ್ನಷ್ಟೇ ಅಳೆದರೆ ಅವು ಪಾಸ್ ಆಗಿಬಿಡುತ್ತವೆ.

ತೆಗೆಯುವುದೇ ದೊಡ್ಡ ಕೆಲಸ. ಬೆಸುಗೆ ಹಾಕುವ ನನ್ನ 25 ವ್ಯಾಟಿನ ಐರನ್ನಿಗೆ ಬೆಸುಗೆಯ ಸೀಸ ಕರಗಲೇ ಇಲ್ಲ. ಬೋರ್ಡಿನ ಒಳಪದರದ ತಾಮ್ರ ಶಾಖವನ್ನೆಲ್ಲ ಕುಡಿದುಬಿಡುತ್ತದೆ. ಮುನ್ನೂರೈವತ್ತು ಕೊಟ್ಟು 60 ವ್ಯಾಟಿನದು ತಂದೆ. ಮೊದಲು ಹಳೇ ಬೆಸುಗೆಯ ಮೇಲೆ ಹೊಸ ಸೀಸ ಸುರಿಯಬೇಕು, ಹೇರ್ ಡ್ರೈಯರಿನಲ್ಲಿ ಬೋರ್ಡನ್ನು ಹಿಂದಿನಿಂದ ಬಿಸಿ ಮಾಡಬೇಕು. ಆಮೇಲೆ ಒಂದೊಂದು ಕಾಲನ್ನು ಬಿಸಿ ಮಾಡುತ್ತ ಕೆಪಾಸಿಟರನ್ನು ಅತ್ತಿತ್ತ ವಾಲಿಸಿದರೆ ನಿಧಾನಕ್ಕೆ ಮೇಲೆ ಬರುತ್ತದೆ. ಎಳೆದರೆ ತೂತಿನೊಳಗಿನ ತಾಮ್ರದ ಲೇಪವೇ ಕಿತ್ತು ಬರುತ್ತದೆ. ತೂತಿನಲ್ಲಿ ಉಳಿದ ಸೀಸ ತೆಗೆಯಲು ಸಕ್ಕರ್ (ಕರಗಿದ ಸೀಸ ಹೀರುವ ಪಂಪು) ಸಾಲದು. ಅದಕ್ಕೆ ನನ್ನದೇ ಒಂದು ಉಪಾಯ ಇದೆ, ಅದು ನನ್ನ ಹತ್ತಿರವೇ ಇರಲಿ. ಸ್ಟೀಲಿಗೆ ಸೀಸ ಅಂಟುವುದಿಲ್ಲ ಎನ್ನುವಷ್ಟು ಸುಳಿವು ಸಾಕು.

ಊರಿನ ರೇಡಿಯೋ ಅಂಗಡಿಯಲ್ಲಿ ಸಿಕ್ಕಿದ್ದು 85 ಡಿಗ್ರಿ ಶಾಖದವರೆಗೆ ತಡೆಯುವ ಸಾದಾ ಕೆಪಾಸಿಟರ್. ಒಂದಕ್ಕೆ ಐದಾರು ರೂಪಾಯಿ. ಎಷ್ಟು ದಿನ ನಡೆಯುತ್ತದೋ ನೋಡೋಣ ಅಂತ ಅದನ್ನೇ ಹಾಕಿದೆ. ಕಂಪ್ಯೂಟರ್ ಎದ್ದಿತು, ಆದರೆ ಅರ್ಧ ಗಂಟೆಗೆ ಹ್ಯಾಂಗ್. ಮುಟ್ಟಿದರೆ ಕೆಪಾಸಿಟರ್ ಸುಡುತ್ತಿತ್ತು. ಪ್ರೊಸೆಸರ್ ಎಳೆಯುವ ಕರೆಂಟಿಗೆ ಅವು ತಡೆಯುವುದಿಲ್ಲ. ಬೆಂಗಳೂರಿಗೆ ಹೋದಾಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿನಲ್ಲಿ ಹುಡುಕಿದೆ. ಮೊದಲ ಅಂಗಡಿಗಳಲ್ಲಿ 'ಲೋ ಇಎಸ್‌ಆರ್' ಅಂದರೆ ಸಾದಾ ಮಾಲನ್ನೇ ತಂದು ಇಟ್ಟರು. ಕೊನೆಗೆ ಒಳಗಲ್ಲಿಯ ಒಂದು ಸಣ್ಣ ಅಂಗಡಿಯಲ್ಲಿ 105 ಡಿಗ್ರಿಯ, 6.3 ವೋಲ್ಟಿನ 1500 ಮೈಕ್ರೋಫ್ಯಾರಡ್ ಸಿಕ್ಕಿತು. ಒಂದಕ್ಕೆ ಸುಮಾರು ಇಪ್ಪತ್ತು ರೂಪಾಯಿ. 12 ವೋಲ್ಟಿನ ಕಡೆಗೆ 16 ವೋಲ್ಟಿನ 1000 ತಗೊಂಡೆ. ದಪ್ಪ ಅಳೆದು ತನ್ನಿ. 8 ಮಿಲಿಮೀಟರ್ ಜಾಗಕ್ಕೆ 10 ಮಿಲಿಮೀಟರಿನದು ತಂದರೆ ಹೀಟ್‌ಸಿಂಕ್ ಕೂರುವುದಿಲ್ಲ.

ಉಬ್ಬಿದ್ದು, ಉಬ್ಬದ್ದು ಅಂತ ನೋಡದೆ ಆ ಸಾಲನ್ನೆಲ್ಲ ಬದಲಿಸಿದೆ. ಪಟ್ಟೆ ಇರುವ ಕಡೆ ಮೈನಸ್, ಅದು ನಿಮಗೆ ಗೊತ್ತಿದ್ದದ್ದೇ. ಜಾಸ್ತಿ ಜನ ಇಲ್ಲಿ ಜಿಪುಣತನ ಮಾಡಿ ಕೆಟ್ಟವಷ್ಟನ್ನೇ ಬದಲಿಸುತ್ತಾರೆ, ಆರು ತಿಂಗಳಿಗೆ ಮತ್ತೆ ಬಿಚ್ಚುತ್ತಾರೆ. ಐರನ್ ಸೇರಿ ನನಗೆ ಆರುನೂರು, ಏಳುನೂರು ಆಗಿರಬಹುದು, ಹಾಳಾದ ಕೇಬಲ್ ಲೆಕ್ಕ ಬಿಟ್ಟು. ಹೊಸ ಕೆಪಾಸಿಟರ್ ಕೂತ ಮೇಲೆ ಬೆಳಿಗ್ಗೆ ಆರಕ್ಕೆ, ಹೊರಗೆ ಮಳೆ ಹೊಡೆಯುತ್ತಿರುವಾಗ ಮೊದಲ ಒತ್ತಿಗೇ ಎದ್ದಿತು.

ಆ ಹುಮ್ಮಸ್ಸಿನಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಗುಜರಿಯಿಂದ ನೂರು ರೂಪಾಯಿಗೆ ಒಂದು ಸತ್ತ ಬೋರ್ಡ್ ತಂದೆ, ಸ್ವಲ್ಪ ಈಚಿನದು. ಅದರಲ್ಲಿ ಇದ್ದದ್ದು ಪಾಲಿಮರ್ ಕೆಪಾಸಿಟರ್. ಒಳಗೆ ದ್ರವವೇ ಇಲ್ಲ, ಒಣಗುವ ಪ್ರಶ್ನೆಯೂ ಇಲ್ಲ. ಅವನ್ನು ಕಿತ್ತು ಪಕ್ಕದ ಮನೆಯವರ ಹಳೇ ಬೋರ್ಡಿಗೆ ಹಾಕಿದೆ. 1500 ಇದ್ದ ಜಾಗಕ್ಕೆ 820 ಹಾಕಿದರೂ ನಡೆಯುತ್ತಿದೆ, ಏಕೆಂದರೆ ಇಎಸ್‌ಆರ್ ಅಷ್ಟು ಕಡಿಮೆ. ಅವರ ಕಂಪ್ಯೂಟರಿನಲ್ಲಿ ಅಜ್ಜ 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಊರಿನ ದೇವಸ್ಥಾನದ ಲೆಕ್ಕ ಇತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕನ್ವರ್ಟರ್ ಹಾಕಿ ಯೂನಿಕೋಡಿಗೆ ತಿರುಗಿಸಿದೆ. ಒತ್ತಕ್ಷರ ಕೆಲವು ಕಡೆ ಕೈಯಲ್ಲೇ ತಿದ್ದಬೇಕಾಯಿತು.

ಅಪ್ಪಯ್ಯನ ಕಂಪ್ಯೂಟರಿಗೆ ಇಂಟರ್ನೆಟ್ ಕೊಟ್ಟಿಲ್ಲ. 2014ರ ಏಪ್ರಿಲ್ ನಂತರ ಎಕ್ಸ್‌ಪಿಗೆ ಭದ್ರತೆಯ ಅಪ್‌ಡೇಟ್ ನಿಂತಿದೆ, ಜಾತಕಕ್ಕೆ ಇಂಟರ್ನೆಟ್ ಬೇಕಾಗಿಯೂ ಇಲ್ಲ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ ಅಂತ ಹೇಳಿಟ್ಟಿದ್ದೇನೆ. ಮುಂದಿನ ಕೆಲಸ ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಬದಲಿಸುವುದು. ಅವಕ್ಕೂ ಅಷ್ಟೇ ವಯಸ್ಸಾಗಿದೆ, ವೋಲ್ಟೇಜ್ ಸರಿ ತೋರಿಸುತ್ತಿದೆ ಅಂತ ಬಿಡುವ ಹಾಗಿಲ್ಲ. ಸಾಮಾನು ಆಗಲೇ ತಂದಿಟ್ಟಿದ್ದೇನೆ.