ತಲೆನೋವಿನ ಬೆನ್ನಿಗೇ ಮಗುವಿನ ರೆಪ್ಪೆ ಜೋತುಬಿದ್ದರೆ

ತಲೆನೋವು ಅಂತ ಎರಡು ದಿನ ಮಲಗಿದ್ದ ಮಗು. ಮೂರನೇ ದಿನ ಎದ್ದಾಗ ಒಂದು ರೆಪ್ಪೆ ಅರ್ಧ ಮುಚ್ಚಿದೆ. ತಿಂಡಿಗೆ ಕೂರಿಸಿದರೆ ‘ಅಮ್ಮಾ, ಎರಡು ತಟ್ಟೆ ಕಾಣ್ತಿದೆ’ ಅನ್ನುತ್ತದೆ. ನಮ್ಮ ಹಾಸನದ ಕಡೆ ಮೊದಲು ಉಪ್ಪು, ಮೆಣಸಿನಕಾಯಿ ನಿವಾಳಿಸುತ್ತಾರೆ. ನಿವಾಳಿಸಿ, ಬೇಡ ಅನ್ನುವುದಿಲ್ಲ. ಆದರೆ ಅದೇ ದಿನ ಆಸ್ಪತ್ರೆಗೂ ಹೊರಡಿ.

ಇದು ಕಣ್ಣಿನ ಸ್ನಾಯು ಸೋಲುವ ಮೈಗ್ರೇನ್ ಇರಬಹುದು. ಬಹಳ ಅಪರೂಪ, ಬಂದರೆ ಹೆಚ್ಚಾಗಿ ಚಿಕ್ಕ ಮಕ್ಕಳಿಗೇ. ಹೆಸರು ಮೈಗ್ರೇನ್ ಅಷ್ಟೇ. ತಲೆನೋವುಗಳ 2004ರ ಅಂತರರಾಷ್ಟ್ರೀಯ ವರ್ಗೀಕರಣ ಇದನ್ನು ನರದ ತೊಂದರೆಗಳ ಸಾಲಿಗೆ ಸೇರಿಸಿತು. ಸಾಮಾನ್ಯವಾಗಿ ಸೋಲುವುದು ಮಿದುಳಿನಿಂದ ಕಣ್ಣಿಗೆ ಬರುವ ಮೂರನೇ ನರ. ರೆಪ್ಪೆ ಎತ್ತುವುದು, ಕಣ್ಣನ್ನು ಮೂಗಿನ ಕಡೆ ಎಳೆಯುವುದು, ಪಾಪೆ ಕಿರಿದಾಗಿಸುವುದು ಎಲ್ಲ ಅದರದೇ ಕೆಲಸ.

ಹೊರಡುವ ಮೊದಲು ಎರಡು ನಿಮಿಷ. ಮಗುವಿನ ಮುಂದೆ ಪೆನ್ನು ಹಿಡಿದು ನಿಧಾನವಾಗಿ ಆ ಕಡೆ ಈ ಕಡೆ ಆಡಿಸಿ, ಜೋತುಬಿದ್ದ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಮೊಬೈಲಿನಲ್ಲಿ ವಿಡಿಯೊ ಮಾಡಿ. ಒಂದು ಕಣ್ಣು ಮೂಗಿನ ಕಡೆ ಬರದೆ ಹೊರಗೇ ನಿಂತಿತಾ, ಒಂದು ಪಾಪೆ ದೊಡ್ಡದಾಗಿದೆಯಾ, ಅದರಲ್ಲಿ ಕಾಣುತ್ತದೆ. ತಲೆನೋವು ಯಾವತ್ತು ಶುರುವಾಯಿತು, ರೆಪ್ಪೆ ಯಾವತ್ತು ಬಿತ್ತು, ಬರೆದುಕೊಳ್ಳಿ. ನೋವು ಮೊದಲು, ಸೋಲು ಆಮೇಲೆ ಅನ್ನುವ ಈ ಅಂತರ ವೈದ್ಯರಿಗೆ ಬೇಕೇ ಬೇಕು. ಮನೆಯಲ್ಲಿರುವ ಆಸ್ಪಿರಿನ್ ಮಾತ್ರ ಕೊಡಬೇಡಿ, ಮಕ್ಕಳಿಗೆ ಅದು ಅಪಾಯ.

ಜ್ವರದ ಜೊತೆ ಕತ್ತು ಬಿಗಿಯಾದರೆ, ಫಿಟ್ಸ್ ಬಂದರೆ, ಮಗು ಮಂಕಾದರೆ, ಕೈಕಾಲು ಸೋತರೆ ವಿಡಿಯೊ ಗಿಡಿಯೊ ಬಿಟ್ಟು 108ಕ್ಕೆ ಕರೆ ಮಾಡಿ.

ಹಾಸನದ ವೈದ್ಯರು ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟರೆ ಗಾಬರಿ ಬೇಡ. ರಕ್ತನಾಳದ ಉಬ್ಬು, ಗಡ್ಡೆ, ಸೋಂಕು ಯಾವುದೂ ಅಲ್ಲ ಅಂತ ಖಾತ್ರಿಯಾದ ಮೇಲೆಯೇ ಈ ಹೆಸರು ಹೇಳುವುದು. ಅದಕ್ಕೇ ಔಷಧಿ ಚುಚ್ಚಿ ಎಂಆರ್‌ಐ ತೆಗೆಯುತ್ತಾರೆ. ಕೆಲವು ಮಕ್ಕಳಲ್ಲಿ ಆ ನರ ದಪ್ಪಗಾಗಿರುವುದೂ ಕಾಣುತ್ತದೆ.

ಕೆಲವರಿಗೆ ಸ್ಟೀರಾಯ್ಡ್ ಕೊಡುತ್ತಾರೆ, ಎಲ್ಲರಿಗೂ ಅಲ್ಲ. ಹೆಚ್ಚಿನ ಮಕ್ಕಳಲ್ಲಿ ಕಣ್ಣು ದಿನಗಳಲ್ಲೋ ವಾರಗಳಲ್ಲೋ ಸರಿಹೋಗುತ್ತದೆ. ಆದರೆ ಎಳೆ ಮಗುವಿನ ಕಣ್ಣು ರೆಪ್ಪೆಯಡಿ ಬಹಳ ದಿನ ಮುಚ್ಚಿಕೊಂಡರೆ ಆ ಕಣ್ಣಿನ ನೋಟವೇ ಮಂದವಾಗಬಹುದು. ಹಾಗಾಗಿ ಕಣ್ಣಿನ ಡಾಕ್ಟರಿಗೂ ತಪ್ಪದೆ ತೋರಿಸಿ.

ಇದು ಮತ್ತೆ ಬರುವ ಕಾಯಿಲೆ. ಎಂಆರ್‌ಐ ಫಿಲಂ ಸುತ್ತಿ ಬೀರುವಿನ ಮೇಲೆ ಎಸೆಯಬೇಡಿ. ಮುಂದಿನ ಸಲ ಹೊಸದರ ಪಕ್ಕ ಹಿಡಿದು ನೋಡಲು ಅದೇ ಬೇಕಾಗುತ್ತದೆ.