ನೀರು ಬದಲಿಸಿದಾಗಲೆಲ್ಲ ಒದ್ದಾಡುತ್ತಿದ್ದ ಗೋಲ್ಡ್‌ಫಿಶ್‌ಗಳು

ನಮ್ಮದು ಬೋರ್‌ವೆಲ್ ನೀರು. ಮೋಟಾರ್ ಹಾಕಿ, ಪೈಪ್‌ನಿಂದ ನೇರವಾಗಿ ಅರ್ಧ ಟ್ಯಾಂಕ್ ತುಂಬಿಸುತ್ತಿದ್ದೆ. ತುಂಬಿಸಿದ ಸ್ವಲ್ಪ ಹೊತ್ತಿಗೇ ಗೋಲ್ಡ್‌ಫಿಶ್‌ಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಂಗಡಿಯವರು ಕ್ಲೋರಿನ್ ತೆಗೆಯುವ ಔಷಧಿ ಕೊಟ್ಟರು. ನಮ್ಮ ಬೋರ್‌ವೆಲ್‌ಗೆ ಕ್ಲೋರಿನ್ ಹಾಕುವವರು ಯಾರು? ಅದರಿಂದ ಏನೂ ಆಗಲಿಲ್ಲ. ನೀರು ಪರೀಕ್ಷಿಸುವ ಕಿಟ್‌ನಲ್ಲಿ ನೋಡಿದರೆ, ಮೀನಿನ ತ್ಯಾಜ್ಯ, ಉಳಿದ ಊಟದಿಂದ ಬರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ.

ಸುಳಿವು ಸಿಕ್ಕಿದ್ದು ಪಿಎಚ್‌ನಲ್ಲಿ, ಅಂದರೆ ನೀರಿನ ಆಮ್ಲೀಯತೆಯ ಅಳತೆಯಲ್ಲಿ (ಕಮ್ಮಿಯಾದಷ್ಟೂ ಆಮ್ಲ ಜಾಸ್ತಿ). ಆಗಷ್ಟೇ ಹಿಡಿದ ನೀರು 6.8 ತೋರಿಸಿತು. ಅದನ್ನೇ ಬಕೆಟ್‌ನಲ್ಲಿ ಗಾಳಿಗುಳ್ಳೆ ಬಿಡುವ ಏರ್‌ಸ್ಟೋನ್ ಹಾಕಿ 24 ಗಂಟೆ ಬಿಟ್ಟರೆ 7.8! ನೆಲದಾಳದ ನೀರಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಮ್ಮಿ ಇರುವುದುಂಟು. ಗಾಳಿ ತಾಗಿದಂತೆ ನೀರನ್ನು ಆಮ್ಲೀಯವಾಗಿಸುವ ಆ ಡೈಆಕ್ಸೈಡ್ ಹೊರಗೆ ಹೋಗುತ್ತದೆ, ಪಿಎಚ್ ಏರುತ್ತದೆ. ನೀರಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ್ದರೆ ಮೀನಿನ ರಕ್ತದಲ್ಲಿರುವುದು ಕಿವಿರಿನಿಂದ ಸರಿಯಾಗಿ ಹೊರಬೀಳುವುದಿಲ್ಲ. ಉಸಿರುಕಟ್ಟದೇ ಇನ್ನೇನು, ಅಲ್ವಾ?

ಈಗ ಹಿಂದಿನ ದಿನವೇ ಡ್ರಮ್‌ಗೆ ನೀರು ತುಂಬಿ, ರಾತ್ರಿಯಿಡೀ ಗಾಳಿ ಆಡಿಸುತ್ತೇನೆ. ಅರ್ಧದ ಬದಲು ಕಾಲು ಭಾಗ ಮಾತ್ರ ಬದಲಿಸುತ್ತೇನೆ. ಒದ್ದಾಟ ನಿಂತಿದೆ. ಒಂದು ಎಚ್ಚರ: ಪಿಎಚ್ ಏರಿದಷ್ಟೂ ಅಮೋನಿಯಾದ ವಿಷ ಹೆಚ್ಚು. ಹಾಗಾಗಿ ಊಟ ಹಾಕುವಾಗ ಕೈ ಬಿಗಿಹಿಡಿದಿದ್ದೇನೆ. ಪಿಎಚ್ ಇಳಿಸುವ ಔಷಧಿಯ ಗೋಜಿಗಂತೂ ಹೋಗಲಿಲ್ಲ.