ಡಿಪಿಯಲ್ಲಿ ಹಿಂಸೆಯ ಚಿತ್ರ: ಮುಂಬಯಿಯ ಕನ್ನಡ ಮಹಿಳಾ ಗುಂಪುಗಳ ಅಡ್ಮಿನ್‌ಗಳಿಗೆ

ನವೆಂಬರ್ 25 ಹತ್ತಿರ ಬಂತೆಂದರೆ ಗುಂಪಿನಲ್ಲಿ ಡಿಪಿಗಳು ಬದಲಾಗತೊಡಗುತ್ತವೆ. ಅಂದಿನಿಂದ ಡಿಸೆಂಬರ್ 10ರವರೆಗಿನ 16 ದಿನ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧದ ಅಭಿಯಾನ. ಕಪ್ಪುಗಟ್ಟಿದ ಕಣ್ಣು, ಬಾಯಿ ಮುಚ್ಚಿದ ಗಂಡಸಿನ ಕೈ, ಮೂಲೆಯಲ್ಲಿ ಮುದುಡಿ ಕೂತ ಹೆಣ್ಣು, ದ್ರೌಪದಿಯ ಸೀರೆ ಸೆಳೆಯುತ್ತಿರುವ ದುಶ್ಶಾಸನ. ಹಾಕಿದವರ ಸಿಟ್ಟು ನ್ಯಾಯವಾದದ್ದೇ. ಆದರೆ ಅದೇ ಗುಂಪಿನಲ್ಲಿ ಆ ಏಟು ತಿಂದವರೂ ಇದ್ದಾರೆ. ಅವರಿಗೆ ಅದು ಸಂದೇಶವಲ್ಲ, ನೆನಪು.

ಪೋಸ್ಟ್ ಬೇರೆ, ಡಿಪಿ ಬೇರೆ. ಈ ವ್ಯತ್ಯಾಸ ತಿಳಿಯದೆ ಮಾಡಿದ ನಿಯಮಗಳೆಲ್ಲ ಜಗಳದಲ್ಲಿ ಮುಗಿಯುತ್ತವೆ. ಹಿಂಸೆಯ ಚಿತ್ರವನ್ನು ಪೋಸ್ಟ್ ಮಾಡುವಾಗ ಮೇಲೆ ಎರಡು ಸಾಲಿನ ಎಚ್ಚರಿಕೆ ಬರೆಯಬಹುದು, ಯಾವ ಪ್ರಕರಣ, ಏಕೆ ಎಂದು ಹೇಳಬಹುದು. ಬೇಡವಾದವರು ದಾಟಿ ಹೋಗುತ್ತಾರೆ. ಡಿಪಿಗೆ ಎಚ್ಚರಿಕೆ ಅಂಟಿಸಲು ಜಾಗವೇ ಇಲ್ಲ. ‘ಭಾನುವಾರ ಸಭೆ ಮಾಟುಂಗಾದಲ್ಲಿ, ನಾಲ್ಕು ಗಂಟೆಗೆ’ ಎಂಬ ಸಂದೇಶದ ಪಕ್ಕದಲ್ಲೂ ಅದೇ ಜಜ್ಜಿದ ಮುಖ. ವಾಟ್ಸಾಪ್‌ನಲ್ಲಿ ಆಟೋ ಡೌನ್‌ಲೋಡ್ ನಿಲ್ಲಿಸಿದರೆ ಫೋಟೋ, ವಿಡಿಯೋ ತಾವಾಗಿ ಇಳಿಯುವುದು ನಿಲ್ಲುತ್ತದೆ. ಡಿಪಿಗೆ ಆ ತಡೆ ತಾಗುವುದಿಲ್ಲ. ಡೊಂಬಿವಲಿಯಿಂದ ಹೊರಟ ಲೇಡೀಸ್ ಡಬ್ಬಿಯಲ್ಲಿ ನಿಂತು ಫೋನ್ ತೆರೆದವಳ ಭುಜದಾಚೆ ಇನ್ನೂ ನಾಲ್ಕು ಜನಕ್ಕೆ ಅದು ಕಾಣುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಡಿಪಿ ಬದಲಾದರೆ ಹಳೆಯ ಮಾತುಗಳ ಪಕ್ಕದಲ್ಲೂ ಹೊಸ ಚಿತ್ರವೇ ಬಂದು ಕೂರುತ್ತದೆ. ಕಳೆದ ವರ್ಷ ಯಾರೋ ತನ್ನ ಮನೆಯ ಕಷ್ಟ ಹೇಳಿಕೊಂಡಾಗ ನೀವು ಬರೆದ ‘ನಾವಿದ್ದೇವೆ, ಹೆದರಬೇಡಿ’ ಎಂಬ ಸಾಲನ್ನು ಆಕೆ ಮತ್ತೆ ಓದಲು ಹೋದರೆ, ಪಕ್ಕದಲ್ಲಿ ಕುತ್ತಿಗೆ ಹಿಚುಕುವ ಕೈ. ಸಮಾಧಾನದ ಮಾತನ್ನು ಆ ಚಿತ್ರ ನುಂಗಿಬಿಡುತ್ತದೆ.

ಹಾಗಾಗಿ ನಿಯಮ ಒಂದೇ ವಾಕ್ಯದಲ್ಲಿ ಸಾಕು: ‘ಹಿಂಸೆಯ ಚಿತ್ರ ಪೋಸ್ಟ್‌ನಲ್ಲಿ, ಎಚ್ಚರಿಕೆಯ ಸಾಲಿನ ಕೆಳಗೆ; ಡಿಪಿಯಲ್ಲಿ ಬೇಡ.’ ಇದನ್ನು ಗುಂಪಿನ ವಿವರಣೆಯಲ್ಲಿ ಬರೆದಿಡಿ. ಸಂದೇಶವಾಗಿ ಕಳಿಸಿದರೆ ಎರಡು ದಿನದಲ್ಲಿ ಶುಭೋದಯಗಳ ಅಡಿ ಹೂತುಹೋಗುತ್ತದೆ. ನವೆಂಬರ್ 15ರ ಸುಮಾರಿಗೆ ಒಮ್ಮೆ ನೆನಪಿಸಿ. ಎಲ್ಲರೂ ಹಾಕಿದ ಮೇಲೆ ತೆಗೆಯಿರಿ ಎನ್ನುವುದು ಕಷ್ಟ.

ಯಾವುದು ಹಿಂಸೆಯ ಚಿತ್ರ ಎಂಬ ವಾದ ಬಂದೇ ಬರುತ್ತದೆ. ಅದನ್ನು ಹೀಗೆ ಪರೀಕ್ಷಿಸಿ: ಚಿತ್ರವನ್ನು ವೃತ್ತಕ್ಕೆ ಕತ್ತರಿಸಿ, ಸುಮಾರು 40 ಪಿಕ್ಸೆಲ್ ಅಗಲಕ್ಕೆ ಇಳಿಸಿ, ಫೋನನ್ನು ಮೊಳ ದೂರ ಹಿಡಿದು ನೋಡಿ. ಚೌಕವನ್ನು ವೃತ್ತ ಮಾಡಿದಾಗ ನಾಲ್ಕು ಮೂಲೆ ಸೇರಿ ಶೇಕಡ 21ಕ್ಕೂ ಹೆಚ್ಚು ಭಾಗ ಹೋಗುತ್ತದೆ. ಪೋಸ್ಟರ್‌ಗಳಲ್ಲಿ ಘೋಷಣೆ ಇರುವುದು ಸಾಮಾನ್ಯವಾಗಿ ಮೇಲೆ ಇಲ್ಲವೇ ಕೆಳಗಿನ ಅಂಚಿನಲ್ಲಿ. ‘ದೌರ್ಜನ್ಯ ನಿಲ್ಲಿಸಿ’ ಕತ್ತರಿಸಿಹೋಗಿ ಬರೀ ರಕ್ತದ ತುಟಿ ಉಳಿಯುತ್ತದೆ. ವಿರೋಧ ಹೋಯಿತು, ಏಟು ಉಳಿಯಿತು. ಉಳಿದ ಆ ಚೂರು ನೋವನ್ನೇ ತೋರಿಸುತ್ತಿದ್ದರೆ ಅದು ಡಿಪಿಗೆ ಬೇಡ, ಮೂಲ ಚಿತ್ರ ಎಷ್ಟೇ ಹೆಸರಾಂತ ಕಲಾವಿದರದ್ದಾಗಿರಲಿ.

ನಿಜವಾದ ಪ್ರಕರಣದ ಹೆಣ್ಣಿನ ಫೋಟೋ ಆದರೆ ಪರೀಕ್ಷೆಯ ಮಾತೇ ಇಲ್ಲ, ತಕ್ಷಣ ತೆಗೆಸಬೇಕು. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ (ಹಳೆಯ ದಂಡ ಸಂಹಿತೆಯ 228ಎ) ಪ್ರಕಾರ ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಹೆಸರು ಬರೆದಿಲ್ಲವಲ್ಲ ಎಂಬ ಸಬೂಬು ನಡೆಯದು. ಗುರುತು ಹಿಡಿಯಲು ನೆರವಾಗುವ ಯಾವ ವಿವರವೂ ಬೇಡ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 11ರ ನಿಪುಣ್ ಸಕ್ಸೇನಾ ತೀರ್ಪಿನಲ್ಲಿ ಹೇಳಿದೆ. ಸತ್ತವರಿಗೂ ಘನತೆ ಇದೆ ಎಂಬುದು ಅದೇ ತೀರ್ಪಿನ ಮಾತು. ‘ನ್ಯಾಯ ಸಿಗಲಿ’ ಎಂದು ಮುಖವನ್ನೇ ಡಿಪಿ ಮಾಡುವವರು ಇದನ್ನು ತಿಳಿದಿರಬೇಕು. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಸೇರುತ್ತದೆ.

ಉತ್ತರ ಕನ್ನಡದ ಹಳದೀಪುರದಿಂದ ಬಂದು ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರ ಮೇಲೆ 1973ರ ನವೆಂಬರ್ 27ರಂದು ಹಲ್ಲೆ ನಡೆಯಿತು. 2015ರ ಮೇ 18ರಂದು ತೀರಿಕೊಳ್ಳುವವರೆಗೂ ಅವರು ಅದೇ ಆಸ್ಪತ್ರೆಯಲ್ಲಿ ಇದ್ದರು, ಸಹೋದ್ಯೋಗಿಗಳ ಆರೈಕೆಯಲ್ಲಿ. ಹಲ್ಲೆಯ ದಿನ, ನವೆಂಬರ್ 27, ಈ 16 ದಿನಗಳ ಒಳಗೇ ಬೀಳುವುದರಿಂದ ನಮ್ಮ ಗುಂಪುಗಳಲ್ಲಿ ಅವರ ನೆನಪು ಬರುವುದು ಸಹಜ, ಬರಲೂ ಬೇಕು. ನೆನಪಿಗೆ ಹಾಸಿಗೆಯ ಮೇಲಿನ ಚಿತ್ರ ಬೇಡ. ಅವರ ಕೆಲಸದ ಬಗ್ಗೆ, ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅವರನ್ನು ನೋಡಿಕೊಂಡ ದಾದಿಯರ ಬಗ್ಗೆ ಬರೆಯಿರಿ.

ಇನ್ನು ತೆಗೆಸುವ ಕೆಲಸ. ವಾಟ್ಸಾಪ್ ಅಡ್ಮಿನ್ ಸದಸ್ಯರ ಸಂದೇಶ ಅಳಿಸಬಹುದು, ಡಿಪಿ ಮುಟ್ಟಲಾಗದು. ಕೇಳಿಕೊಳ್ಳುವುದೊಂದೇ ದಾರಿ, ಅದೂ ಖಾಸಗಿಯಾಗಿ. ಗುಂಪಿನಲ್ಲೇ ಹೆಸರು ಹಿಡಿದು ಕೇಳಿದರೆ ಎಲ್ಲರೂ ಮೊದಲು ಆ ಡಿಪಿಯನ್ನು ದೊಡ್ಡದು ಮಾಡಿ ನೋಡುತ್ತಾರೆ. ದೂರು ಕೊಟ್ಟವರ ಹೆಸರು ಹೇಳಬೇಡಿ. ಮುಲುಂಡ್‌ನವರು, ಮೀರಾ ರೋಡಿನವರು ಎಂದರೂ ಸಾಕು, ನಮ್ಮ ಜನಕ್ಕೆ ಗೊತ್ತಾಗಿಬಿಡುತ್ತದೆ. ಹೀಗೆ ಬರೆಯಬಹುದು:

‘ಅಕ್ಕಾ, ನಿಮ್ಮ ಡಿಪಿಯ ಉದ್ದೇಶ ಅರ್ಥವಾಗುತ್ತದೆ. ಆದರೆ ಇಂಥದ್ದನ್ನು ಅನುಭವಿಸಿದವರು ಗುಂಪಿನಲ್ಲಿದ್ದಾರೆ, ನಿಮ್ಮ ಪ್ರತಿ ಸಂದೇಶದ ಜೊತೆ ಅವರಿಗೆ ಅದು ಕಾಣುತ್ತದೆ. ನಾಳೆ ಸಂಜೆಯೊಳಗೆ ಬದಲಾಯಿಸುತ್ತೀರಾ? ಆ ಚಿತ್ರದ ಬಗ್ಗೆ ಎಚ್ಚರಿಕೆ ಹಾಕಿ ಒಂದು ಪೋಸ್ಟ್ ಬರೆದರೆ ಎಲ್ಲರೂ ಓದುತ್ತೇವೆ.’

ಗಡುವು ಹೇಳದಿದ್ದರೆ ‘ಆಯಿತು’ ಎಂಬ ಉತ್ತರ ಬರುತ್ತದೆ, ಡಿಪಿ ಅಲ್ಲೇ ಇರುತ್ತದೆ. ‘ನನಗೆ ಏನೂ ಕಾಣುತ್ತಿಲ್ಲವಲ್ಲ’ ಎಂದು ದೂರನ್ನು ತಳ್ಳಿಹಾಕಬೇಡಿ. ಡಿಪಿಯನ್ನು ತನ್ನ ಕಾಂಟ್ಯಾಕ್ಟ್‌ಗಳಿಗೆ ಮಾತ್ರ ತೋರಿಸುವ ಸೆಟ್ಟಿಂಗ್ ಇರುವುದರಿಂದ ನಿಮಗೆ ಬರೀ ಬೂದು ಆಕೃತಿ ಕಂಡು, ಆಕೆಯ ಗೆಳತಿಗೆ ರಕ್ತ ಕಾಣಬಹುದು. ಸ್ಕ್ರೀನ್‌ಶಾಟ್ ಕೇಳಿ ನೋಡಿ, ಅಳಿಸಿಬಿಡಿ. ಫೇಸ್‌ಬುಕ್‌ನಲ್ಲಿ ಹೊಸ ಚಿತ್ರ ಹಾಕಿದ ಮೇಲೂ ಹಳೆಯದು ಪ್ರೊಫೈಲ್ ಫೋಟೋಗಳ ಆಲ್ಬಮ್‌ನಲ್ಲಿ ಉಳಿಯುತ್ತದೆ. ಅಲ್ಲಿಂದಲೂ ಅಳಿಸಲು ಹೇಳಿ.

ಬದಲಿಗೆ ಏನು? 16 ದಿನಕ್ಕೆ ಕಿತ್ತಳೆ ಬಣ್ಣ ಎಲ್ಲೆಡೆ ಬಳಕೆಯಲ್ಲಿದೆ. 640 ಪಿಕ್ಸೆಲ್ ಚೌಕದಲ್ಲಿ ಒಂದೇ ಬಣ್ಣ, ನಡುವೆ ದಪ್ಪ ಅಕ್ಷರದಲ್ಲಿ ‘ಸಾಕು’. ಒತ್ತಕ್ಷರ ಇರುವ ಪದ ಡಿಪಿಯ ಚಿಕ್ಕ ಗಾತ್ರದಲ್ಲಿ ಮಸಿಯ ಚುಕ್ಕೆಯಾಗುತ್ತದೆ, ‘ನಿಲ್ಲಿಸಿ’ ಓದಲು ಬರುವುದಿಲ್ಲ. ಕೆಂಪು ಅಂಗೈ ಬೇಡ, ಚಿಕ್ಕದಾದಾಗ ರಕ್ತದಂತೆಯೇ ಕಾಣುತ್ತದೆ. ಗುಂಪಿನ ಐಕಾನ್ ಬದಲಿಸುವ ಅನುಮತಿ ಅಡ್ಮಿನ್‌ಗಳಿಗಷ್ಟೇ ಇರಲಿ.

ಒಂದು ಸಂದರ್ಭದಲ್ಲಿ ಈ ನಿಯಮವನ್ನು ಬದಿಗಿಡಬೇಕು. ಒಬ್ಬಾಕೆ ತನ್ನದೇ ಗಾಯದ ಫೋಟೋವನ್ನು ಡಿಪಿ ಮಾಡಿದ್ದರೆ ‘ತೆಗೆಯಿರಿ’ ಎಂಬುದು ಮೊದಲ ಮಾತಾಗಬಾರದು. ಅದು ಸಹಾಯದ ಕೂಗಾಗಿರಬಹುದು. ಈಗ ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ, ಫೋನ್ ಮಾಡಬಹುದೇ ಎಂದು ಕೇಳಿ. ಮಾಡಬಾರದು ಎಂದರೆ ಮಾಡಬೇಡಿ. ಅಪಾಯವಿದ್ದರೆ 112, ಮಾತನಾಡಲು ಮಹಿಳಾ ಸಹಾಯವಾಣಿ 181. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ಹಿಂಸೆಗೆ ಒಳಗಾದ ಮಹಿಳೆಯರಿಗೆ ನೆರವಾಗುವ ದಿಲಾಸಾ ಕೇಂದ್ರವಿದೆ. ಮರಾಠಿ, ಹಿಂದಿ ಬಾರದವರಾದರೆ ಬರುವ ಒಬ್ಬರು ಜೊತೆಗೆ ಹೋಗಿ. ಮೂಲ ಫೋಟೋವನ್ನು ಕತ್ತರಿಸದೆ, ಫಿಲ್ಟರ್ ಹಾಕದೆ ಇಟ್ಟುಕೊಳ್ಳಲು ಹೇಳಿ. ನಂಬಿಕೆಯವರಿಗೆ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಲಿ; ಸಾಮಾನ್ಯ ಫೋಟೋ ಆಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ತೆಗೆದ ದಿನ, ಹೊತ್ತಿನ ಮಾಹಿತಿಯೂ ಕಳಚಿಹೋಗುತ್ತದೆ. ಹೊಡೆದವನ ಮನೆಯವರೂ ಆಕೆಯ ಕಾಂಟ್ಯಾಕ್ಟ್‌ನಲ್ಲಿ ಇರುತ್ತಾರೆ, ಅವರಿಗೂ ಆ ಡಿಪಿ ಕಾಣುತ್ತಿರುತ್ತದೆ ಎಂಬುದನ್ನು ಮೆಲ್ಲಗೆ ತಿಳಿಸಿ. ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ‘ಇವರನ್ನು ಬಿಟ್ಟು ನನ್ನ ಕಾಂಟ್ಯಾಕ್ಟ್‌ಗಳು’ ಎಂಬ ಆಯ್ಕೆ ಇದೆ. ಅದನ್ನು ಹಾಕಬೇಕೇ, ಚಿತ್ರ ಇಡಬೇಕೇ, ತೆಗೆಯಬೇಕೇ ಎಂಬುದನ್ನು ಆಕೆಯೇ ನಿರ್ಧರಿಸಲಿ.